ಎಲ್ಲ ವಿಲ್‌ಗೂ ಹಾಕುವ ಸಾಲು

ವಿಲ್ ಬರೆಯಲು ಛಾಪಾ ಕಾಗದ ಬೇಕಾಗಿಲ್ಲ. ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಬರೆಸುವವರ ಸಹಿ ಇಲ್ಲವೇ ಹೆಬ್ಬೆಟ್ಟು, ಅದನ್ನು ಕಣ್ಣಾರೆ ಕಂಡು ಸಹಿ ಹಾಕಿದ ಇಬ್ಬರು ಸಾಕ್ಷಿಗಳು ಇದ್ದರೆ ಆಯಿತು. ದೊಡ್ಡಬಳ್ಳಾಪುರದಲ್ಲಿ ಉಪನೋಂದಣಿ ಕಚೇರಿಯ ಎದುರು ಪತ್ರ ಬರಹಗಾರನಾಗಿ ಕೂತ ಮೂವತ್ತೊಂದು ವರ್ಷ ಈ ಮಾತನ್ನು ಹೇಳಿದ್ದೇನೆ. ನಂಬಿದವರು ಕಡಿಮೆ.

"ಅದೆಂಗ್ ಸ್ವಾಮಿ, ಬಿಳೀ ಕಾಗ್ದಕ್ಕೆ ಬೆಲೆ ಇರ್ತದಾ? ಒಂದು ಛಾಪಾ ಕಾಗ್ದದ ಮ್ಯಾಲೇ ಬರ್ದುಬಿಡಿ" ಅನ್ನುತ್ತಿದ್ದರು. ಬರೆಯುತ್ತಿದ್ದೆ. ಕಾನೂನಿಗೆ ಬೇಡವಾದ ಆ ಕಾಗದ ಅವರ ನಿದ್ದೆಗೆ ಬೇಕಿತ್ತು.

ಲೈಸೆನ್ಸು ಹಿಂದಿರುಗಿಸಿ ಎರಡು ವರ್ಷವಾಯಿತು. ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಪವಿತ್ರಾ ಎಂಬ ಹೆಣ್ಣುಮಗಳು ಕಂಪ್ಯೂಟರು ಇಟ್ಟುಕೊಂಡು ಕೂರುತ್ತಾಳೆ. ಚುರುಕು ಹುಡುಗಿ. ಮೊನ್ನೆ ಆ ಕಡೆ ಹೋದಾಗ ಕೇಳಿದಳು: "ಸಾರ್, ವಿಲ್, ದಾನಪತ್ರ, ಪಾಲುಪಟ್ಟಿ ಎಲ್ಲದರ ಮಾದರೀನೂ ಇದರಲ್ಲೇ ಇದೆ. ಹೆಸರು, ಸರ್ವೆ ನಂಬರ್ ತುಂಬಿದ್ರೆ ಮುಗೀತು. ನಿಮ್ಮ ಕಾಲದಲ್ಲಿ ಇದನ್ನ ಕಲಿಯೋಕೆ ಅಷ್ಟು ವರ್ಷ ಯಾಕೆ ಬೇಕಾಗ್ತಿತ್ತು?"

ಅದಕ್ಕೆ ಉತ್ತರ ಇಲ್ಲಿದೆ. ಈ ಬರಹ ಅವಳಿಗೆ, ಅವಳ ಹಾಗೆ ಈ ಕೆಲಸಕ್ಕೆ ಬರುವವರಿಗೆ.

ನಾನು ಮೊದಲು ಬರೆದದ್ದು ಪತ್ರಗಳನ್ನಲ್ಲ, ಸುದ್ದಿಯನ್ನು. ಮೂರು ವರ್ಷ ಒಂದು ಸಣ್ಣ ದಿನಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿದ್ದೆ. ಅಲ್ಲಿನ ಉಪಸಂಪಾದಕರಿಗೆ ವಿಶೇಷಣ ಕಂಡರೆ ಆಗುತ್ತಿರಲಿಲ್ಲ. ಯಾರು, ಎಲ್ಲಿ, ಯಾವಾಗ, ಏನಂದರು. ಅಷ್ಟು ಬಿಟ್ಟು ಉಳಿದದ್ದಕ್ಕೆಲ್ಲ ಕೆಂಪು ಗೆರೆ. "ಪ್ರೀತಿಯ ಜನನಾಯಕ ಅಂತ ಬರ್ದಿದೀಯಲ್ಲ, ಪ್ರೀತಿ ಇತ್ತು ಅನ್ನೋದಕ್ಕೆ ನಿನ್ನ ಹತ್ರ ಏನಿದೆ ಆಧಾರ?" ಎಂದು ಒಮ್ಮೆ ಫೋನಿನಲ್ಲೇ ಬೈದಿದ್ದರು. ಪತ್ರಿಕೆ ನಿಂತುಹೋಯಿತು. ದಿನಚರಿ ಬರೆಯುವ ಅಭ್ಯಾಸ ಮಾತ್ರ ಉಳಿಯಿತು. ಪತ್ರ ಬರೆಯುವ ಮೇಜಿನ ಮುಂದೆ ಯಾರು ಬಂದರು, ಜೊತೆಯಲ್ಲಿ ಯಾರಿದ್ದರು, ಏನಂದರು ಎನ್ನುವುದನ್ನು ಪ್ರತಿದಿನ ನಾಲ್ಕು ಸಾಲು ಬರೆದಿಡುತ್ತಿದ್ದೆ. ಅದರಲ್ಲಿ ವಿಶೇಷಣ ಇರುತ್ತಿರಲಿಲ್ಲ. ನಾನು ಬರೆದ ವಿಲ್‌ಗಳಲ್ಲಿ ಇರುತ್ತಿತ್ತು. ಅದೇ ಮುಂದೆ ತೊಡಕಾಯಿತು.

ಕೆಲಸ ಕಲಿಸಿದವರು ನಂಜುಂಡಯ್ಯನವರು. ಕಚೇರಿಯ ಎದುರು ಸಾಲಾಗಿ ಕೂರುತ್ತಿದ್ದ ಬರಹಗಾರರಲ್ಲೆಲ್ಲ ಹಿರಿಯರು. ಮೂಗಿನ ತುದಿಗೆ ಕನ್ನಡಕ, ಕಿವಿಯ ಸಂದಿಗೆ ಪೆನ್ಸಿಲ್. ಬಂದವರು ಹೇಳುವುದನ್ನೆಲ್ಲ ಕೇಳಿ, ಕೊನೆಗೆ ಬರದೆ ಇರುವವರ ಬಗ್ಗೆ ಕೇಳುತ್ತಿದ್ದರು. "ಎದುರಿಗೆ ಕೂತಿರೋರು ತಮ್ಮ ಪಾಲು ತಾವು ನೋಡ್ಕೋತಾರಯ್ಯ. ಇಲ್ಲಿ ಯಾರು ಬಂದಿಲ್ಲ ಅಂತ ನೋಡೋದು ನಿನ್ನ ಕೆಲ್ಸ."

ರಾಜಘಟ್ಟದ ಕಡೆಯಿಂದ ಮೂವರು ಅಣ್ಣತಮ್ಮಂದಿರು ತಂದೆಯ ಜಮೀನು ಪಾಲು ಮಾಡಿಕೊಳ್ಳಲು ಬಂದಿದ್ದರು. ನಾನು ವಂಶವೃಕ್ಷ ಬರೆದುಕೊಂಡೆ. ತಂದೆ ಮೇಲೆ, ಕೆಳಗೆ ಮೂರು ಗೆರೆ. "ನಾವು ಮೂರೇ ಜನ ಸ್ವಾಮಿ" ಎಂದರು. ನಂಜುಂಡಯ್ಯನವರು ಪಕ್ಕದ ಮೇಜಿನಿಂದ ಕತ್ತೆತ್ತದೆ ಕೇಳಿದರು:

"ಗೌರಿ ಹಬ್ಬಕ್ಕೆ ಬಾಗಿನ ಎಷ್ಟು ಕಟ್ತೀರಪ್ಪ?"

"ಎರಡು ಸ್ವಾಮಿ" ಎಂದ ಕಿರಿಯವನು. ಹಿರಿಯವನು ಅವನ ಮೊಣಕೈ ತಿವಿದದ್ದು ತಡವಾಯಿತು.

"ಯಾರಿಗೆ?"

"ತಂಗೀರಿಗೆ. ಇಬ್ರವ್ರೆ. ಮದ್ವೆ ಆಗೋಗೈತಲ್ಲ, ಅದಕ್ಕೇ..."

"ಮದ್ವೆ ಆದ್ರೆ ನಿಮ್ಮಪ್ಪನಿಗೆ ಮಗಳು ಅನ್ನೋದು ಹೋಗ್ತದೇನಯ್ಯ? ಕರ್ಕೊಂಡ್ ಬಾ ಹೋಗು."

ಅಂದು ಪತ್ರ ಆಗಲಿಲ್ಲ. ಮುಂದಿನ ವಾರ ಐವರೂ ಬಂದರು. ವಂಶವೃಕ್ಷ ಬರೆಯುವಾಗಲೆಲ್ಲ ನಾನು ಆ ಬಾಗಿನದ ಪ್ರಶ್ನೆ ಕೇಳಿದ್ದೇನೆ. ಮಾದರಿಯಲ್ಲಿ ಅದಕ್ಕೆ ಜಾಗ ಇಲ್ಲ.

ನನ್ನ ಮೊದಲ ದೊಡ್ಡ ತಪ್ಪನ್ನು ಹಿಡಿದವರೂ ಅವರೇ. ಊರಿನ ಒಬ್ಬ ಮುಸ್ಲಿಂ ಬಟ್ಟೆ ವ್ಯಾಪಾರಿ, ವಯಸ್ಸಾದವರು, ತಮ್ಮ ಮನೆಯನ್ನು ಜೊತೆಯಲ್ಲಿರುವ ಮಗಳಿಗೆ ವಿಲ್ ಮಾಡಬೇಕು ಎಂದು ಬಂದರು. ಗಂಡುಮಕ್ಕಳು ಬೇರೆ ಇದ್ದರು. ನಾನು ಹಿಂದೂಗಳಿಗೆ ಬರೆಯುವ ಹಾಗೆ ಮೂರು ಪುಟ ಬರೆದೆ. ನಂಜುಂಡಯ್ಯನವರು ಓದಿ ಹಾಳೆಗಳನ್ನು ಮಗುಚಿಟ್ಟರು.

"ಇದು ನಿಲ್ಲಲ್ಲ. ಅವರ ಶರಿಯತ್ತಲ್ಲಿ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಲ್ ಮಾಡೋ ಹಾಗಿಲ್ಲ. ಅದೂ ಹಕ್ಕುದಾರರಲ್ಲಿ ಒಬ್ಬರಿಗೆ ಕೊಟ್ರೆ ಉಳಿದೋರು ಒಪ್ಪಬೇಕು. ಬದುಕಿರೋವಾಗಲೇ ಹಿಬಾ ಮಾಡಿ ಸ್ವಾಧೀನ ಕೊಡಬೇಕು."

ಹಿಬಾ ಅಂದರೆ ದಾನ. ವಿವರಿಸಿ ಹೇಳಿದಾಗ ವ್ಯಾಪಾರಿ ಗಡ್ಡ ಸವರಿಕೊಂಡರು. "ಈಗ್ಲೇ ಕೊಟ್ಬಿಟ್ರೆ ನಾಳೆ ನನಗೆ ಚಾಯ್ ಸಿಗ್ತದೋ ಇಲ್ವೋ!"

ಹಿಂದೆ ನಿಂತಿದ್ದ ಮಗಳು ತಡೆದುಕೊಳ್ಳಲಿಲ್ಲ. "ಅಬ್ಬಾಜಾನ್, ಈಗ ಕುಡೀತಿರೋದು ಯಾರು ಕೊಟ್ಟ ಚಾಯ್? ಮನೆ ಕೊಟ್ಟಿದೀರಾ ಇನ್ನೂ?"

ಕಚೇರಿ ಮುಂದೆ ಇದ್ದವರೆಲ್ಲ ನಕ್ಕರು. ಹಿಬಾ ಆಯಿತು.

ಆಗ ಎಲ್ಲವೂ ಕೈಬರಹ. ಆಮೇಲೆ ಬೆರಳಚ್ಚು ಯಂತ್ರ, ಆಮೇಲೆ ಕಂಪ್ಯೂಟರು. ಅಕ್ಷರ ಚೆನ್ನಾಯಿತು, ಪ್ರತಿ ತೆಗೆಯುವುದು ಸುಲಭವಾಯಿತು. ಆದರೆ ಕೈಯಲ್ಲಿ ಬರೆಯುವಾಗ ಪ್ರತಿ ಸಾಲೂ ಒಂದು ಸಲ ಮಣಿಕಟ್ಟಿನ ಮೂಲಕ ಹಾದುಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಸಾಲು ಮೊದಲೇ ಕೂತಿರುತ್ತದೆ. ನಾವು ಹೆಸರು ಬದಲಾಯಿಸುತ್ತೇವೆ. ವಿಲ್‌ನ ಮಾದರಿಯಲ್ಲಿ ಹಾಗೆ ಮೊದಲೇ ಕೂತಿದ್ದ ಒಂದು ಸಾಲು ಇದು: "ಸದರಿಯವರು ನನ್ನನ್ನು ಪ್ರೀತಿ ವಿಶ್ವಾಸದಿಂದ ನೋಡಿಕೊಂಡು, ನನ್ನ ಯೋಗಕ್ಷೇಮವನ್ನು ವಿಚಾರಿಸಿಕೊಂಡು ಬಂದಿರುತ್ತಾರೆ." ಮಗನಿಗೆ ಬರೆಸಿದರೂ ಇದೇ, ಮೊಮ್ಮಗಳಿಗೆ ಬರೆಸಿದರೂ ಇದೇ. ಇದನ್ನು ಹಾಕದ ವಿಲ್ ನಮ್ಮ ಬರಹಗಾರರಲ್ಲಿ ಯಾರೂ ಬರೆಯುತ್ತಿರಲಿಲ್ಲ. ಇದು ಕಾನೂನಿನಲ್ಲಿ ಎಲ್ಲಿದೆ ಎಂದು ಯಾರೂ ಹುಡುಕಿಯೂ ಇರಲಿಲ್ಲ.

ಮುನಿಯಮ್ಮ ಬಂದದ್ದು ಈ ಕಂಪ್ಯೂಟರಿನ ಕಾಲದಲ್ಲಿ.

ದಿನಚರಿಯಲ್ಲಿ ಹೀಗಿದೆ: "ಮಧ್ಯಾಹ್ನ ಎರಡೂವರೆ. ಮಧುರೆ ಹೋಬಳಿ. ಹೆಸರು ಮುನಿಯಮ್ಮ, ಎಪ್ಪತ್ತು ದಾಟಿದೆ. ಒಬ್ಬರೇ ಬಂದರು. ಕಿವಿ ಚುರುಕು." ಒಬ್ಬರೇ ಎನ್ನುವುದನ್ನು ಬರೆದುಕೊಂಡದ್ದಕ್ಕೆ ಕಾರಣವಿತ್ತು. ವಿಲ್ ಬರೆಸುವ ಮುದುಕಿಯರು ಒಬ್ಬರೇ ಬರುವುದಿಲ್ಲ. ಆಸ್ತಿ ಪಡೆಯುವವರು ಆಟೋದಲ್ಲಿ ಕರೆತರುತ್ತಾರೆ, ಎಳನೀರು ಕುಡಿಸುತ್ತಾರೆ, ನಾವು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಹೇಳುತ್ತಾರೆ.

ಮುನಿಯಮ್ಮನ ಹೆಸರಿನಲ್ಲಿ ಇದ್ದದ್ದು ಹಳ್ಳಿಯ ಒಂದು ಮನೆ. ತಂದೆ ತೀರಿಕೊಂಡ ಮೇಲೆ ಜಮೀನು ಅವರ ಅಣ್ಣನಿಗೂ ಮನೆ ಇವರಿಗೂ ಪಾಲಾಗಿ ಬಂದಿತ್ತು. ಗಂಡ ಆ ಮನೆಗೇ ಬಂದು ನೆಲೆಸಿದವರು, ಈಗ ಇಲ್ಲ. ಅಣ್ಣನೂ ತೀರಿಕೊಂಡಿದ್ದ, ಅವನ ಮಗನೊಬ್ಬ ಇದ್ದ.

"ಮನೆ ಯಾರಿಗಮ್ಮ?" ಎಂದೆ.

"ಗಂಗಮ್ಮಂಗೆ."

"ಗಂಗಮ್ಮ ನಿಮಗೇನಾಗ್ಬೇಕು?"

"ಸವತಿ."

ಕೀಲಿಮಣೆಯ ಮೇಲಿದ್ದ ಕೈ ನಿಂತಿತು. ಸವತಿಯ ಮೇಲೆ ಕೇಸು ಹಾಕಲು ಬಂದವರನ್ನು ಕಂಡಿದ್ದೆ. ಸವತಿಗೆ ಮನೆ ಬರೆಯಲು ಬಂದವರು ಇವರೇ ಮೊದಲು. ವರದಿಗಾರನ ಚಪಲ ಹೋಗಿರಲಿಲ್ಲ.

"ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ?"

"ಅವ್ಳಾ?" ಮುನಿಯಮ್ಮ ಎಲೆ ಅಡಿಕೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. "ನನ್ ಕೂಡೆ ಮಾತಾಡಿ ಹನ್ನೊಂದು ವರ್ಷ ಆಯ್ತು. ಒಂದೇ ಮನೆ, ಎರಡು ಒಲೆ. ಜಗಳಗಂಟಿ ಕಣಪ್ಪ. ಜಗಳಾನೂ ಆಡಾಕಿಲ್ಲ ಈಗ. ಸುಮ್ಕಿರ್ತಾಳೆ, ಅದೇ ಅವ್ಳ ಜಗ್ಳ."

"ಮತ್ಯಾಕಮ್ಮ ಅವರಿಗೆ ಬರೀತೀರಿ? ಅಣ್ಣನ ಮಗ ಇದಾನೆ ಅಂದ್ರಿ."

"ನಂಗೆ ಮಕ್ಳಾಗ್ಲಿಲ್ಲ ಅಂತ ಅವ್ಳೂರ್ಗೆ ನಾನೇ ಹೋಗಿ ಹೆಣ್ಣು ಕೇಳ್ದೆ. ನಾನೇ ಮುಂದೆ ನಿಂತು ನಮ್ಮೆಜಮಾನ್ರ ಕೈಲಿ ತಾಳಿ ಕಟ್ಟುಸ್ದೆ. ಅವ್ಳ್ಗೂ ಆಗ್ಲಿಲ್ಲ. ಅವ್ರೂ ಹೊಂಟೋದ್ರು. ಕರ್ಕೊಂಬಂದೋಳು ನಾನು ತಾನೇ? ಕರ್ಕೊಂಬಂದೋಳೇ ಬೀದೀಲಿ ಬಿಟ್ಟೋಗಕ್ಕಾಯ್ತದಾ?"

ಇದನ್ನು ದಿನಚರಿಯಲ್ಲಿ ಹಾಗೆಯೇ ಬರೆದುಕೊಂಡೆ. ವಿಲ್‌ನಲ್ಲಿ ಬರೆಯಲಿಲ್ಲ. ವಿಲ್‌ನಲ್ಲಿ ಮಾದರಿಯ ಸಾಲು ಮೊದಲೇ ಕೂತಿತ್ತು.

ಕಾಗದ ತೆಗೆದು ಓದಿ ಹೇಳಿದೆ. ಮುನಿಯಮ್ಮ ಕಣ್ಣು ಮುಚ್ಚಿ ಕೇಳಿದರು. ಮನೆಯ ನಾಲ್ಕು ದಿಕ್ಕಿನ ಎಲ್ಲೆ ಓದುವಾಗ ಒಂದೊಂದಕ್ಕೂ ತಲೆ ಆಡಿಸಿದರು. ಪ್ರೀತಿ ವಿಶ್ವಾಸದ ಸಾಲು ಬಂದಾಗ ಕಣ್ಣು ಬಿಟ್ಟರು.

"ಇದು ಸುಳ್ಳಲ್ವಾ?"

"ಅದು ಎಲ್ಲಾ ವಿಲ್‌ಗೂ ಹಾಕೋ ಸಾಲು ಕಣಮ್ಮ. ಹಾಕ್ಲೇಬೇಕು."

ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಒಂದು ಸಾಲು ತೆಗೆದರೆ ಪುಟ ಮತ್ತೆ ಮುದ್ರಿಸಬೇಕು, ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಳ್ಳುತ್ತಿತ್ತು. ಅಷ್ಟೇ ಕಾರಣ. ಇನ್ನಾವುದೂ ಇರಲಿಲ್ಲ.

ಮುನಿಯಮ್ಮ ನನ್ನ ಮುಖ ಒಂದು ಸಲ ನೋಡಿದರು. ಸಾಕ್ಷಿಗೆ ಎದುರಿನ ಚಹಾ ಅಂಗಡಿಯ ಬಷೀರ್ ಸಾಬರನ್ನೂ ಪಕ್ಕದ ಝೆರಾಕ್ಸ್ ಅಂಗಡಿಯವರನ್ನೂ ಕರೆದೆ. ಇಬ್ಬರ ಎದುರಿಗೆ ಮುನಿಯಮ್ಮ ಎಡಗೈ ಹೆಬ್ಬೆಟ್ಟು ಒತ್ತಿದರು. ಅವರಿಬ್ಬರೂ ಸಹಿ ಹಾಕಿದರು. ಬರೆದವನು ಎಂದು ಕೆಳಗೆ ನಾನು ಹಾಕಿದೆ. ನೋಂದಣಿ ಮಾಡಿಸೋಣವೇ ಎಂದರೆ "ಮಧುರೆ ಬಸ್ಸು ಹೋಗ್ಬಿಡ್ತದೆ" ಎಂದರು.

"ಬಸ್ಸಿಗಿನ್ನೂ ಹೊತ್ತದೆ, ಬನ್ನಿ ಅಮ್ಮ, ಮಸಿ ಒರಸ್ಕೊಂಡು ಒಂದು ಚಾಯ್ ಕುಡೀರಿ" ಎಂದು ಬಷೀರ್ ಸಾಬರು ಅವರನ್ನು ರಸ್ತೆ ದಾಟಿಸಿ ಕರೆದುಕೊಂಡು ಹೋದರು. ನಾನು ಮುಂದಿನವರನ್ನು ಕರೆದೆ. ದಿನಚರಿಯ ಕೊನೆಯ ಸಾಲು: "ಒಂದು ಸಾಲನ್ನು ಸುಳ್ಳು ಎಂದರು. ಒತ್ತಿದರು."

ನಾಲ್ಕು ವರ್ಷದ ಮೇಲೆ ಮುನಿಯಮ್ಮ ತೀರಿಕೊಂಡರು. ಅಣ್ಣನ ಮಗ ರಾಮಾಂಜಿ ಮನೆಯ ಖಾತೆ ತನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟ. ಗಂಗಮ್ಮ, ಮುನಿಯಮ್ಮನ ಪೆಟ್ಟಿಗೆಯಲ್ಲಿ ಸಿಕ್ಕಿದ ವಿಲ್ ತಂದು ತೋರಿಸಿದರು. ರಾಮಾಂಜಿ ಕೋರ್ಟಿಗೆ ಹೋದ. ವಿಲ್ ನಿಂತರೆ ಮನೆ ಗಂಗಮ್ಮನದು. ಬಿದ್ದರೆ ಅದು ಮುನಿಯಮ್ಮನ ತಂದೆಯ ಕಡೆಗೆ, ಎಂದರೆ ರಾಮಾಂಜಿಗೆ ಹೋಗುತ್ತದೆ. ಕಾನೂನಿನ ಕಣ್ಣಿಗೆ ಗಂಗಮ್ಮ ಆ ಮನೆಗೆ ಯಾರೂ ಅಲ್ಲ. ಅರವತ್ತು ದಾಟಿದ ಹೆಂಗಸು, ತವರಿನಲ್ಲಿ ಬಾಗಿಲು ತೆಗೆಯುವವರು ಯಾರೂ ಉಳಿದಿರಲಿಲ್ಲ.

ಝೆರಾಕ್ಸ್ ಅಂಗಡಿಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದವರು ಬಷೀರ್ ಸಾಬರು ಮತ್ತು ನಾನು. ಇಬ್ಬರಿಗೂ ಸಮನ್ಸ್ ಬಂತು.

ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಕೋರ್ಟಿನ ಹುಣಸೆಮರದ ಕೆಳಗೆ ರಾಮಾಂಜಿ ನನ್ನ ಹತ್ತಿರ ಬಂದ. ಶಾಲೆಯ ವ್ಯಾನು ಓಡಿಸುವವನು, ಮೃದು ಮಾತಿನವನು. ಜಗಳಕ್ಕೆ ಬಂದದ್ದಲ್ಲ.

"ರೈಟ್ರೇ, ನಮ್ಮತ್ತೇನ ಆಸ್ಪತ್ರೆಗೆ ಹೊತ್ಕೊಂಡೋದೋನು ನಾನು. ಮಣ್ಣು ಮಾಡ್ದೋನೂ ನಾನೇ. ಒಂದೇ ಸೂರಿನ ಕೆಳಗಿದ್ದು ಮಾತೇ ಆಡ್ದಿರೋ ಹೆಂಗ್ಸು ಪ್ರೀತಿಯಿಂದ ನೋಡ್ಕೊಂಡ್ಲು ಅಂತ ಬರ್ದಿದೀರಲ್ಲ. ಊರಿಗೇ ಗೊತ್ತು ಅದು ಸುಳ್ಳು ಅಂತ. ನಮ್ಮತ್ತೆ ಹಂಗೆ ಹೇಳಿರಾಕಿಲ್ಲ. ಹೇಳಿಲ್ಲ ಅಂದ್ಮೇಲೆ ಅದು ನಮ್ಮತ್ತೆ ವಿಲ್ ಹೆಂಗಾಯ್ತದೆ?"

ಕೇಳಿದ್ದು ನ್ಯಾಯವಾಗಿತ್ತು. ಒಳಗೆ ಹೋದೆ.

ಗಂಗಮ್ಮನ ವಕೀಲರು ನನ್ನ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಸಿದ್ಧ ಮಾಡಿಸಿದ್ದರು. "ಓದಿ ಹೇಳಿದ್ದು, ಸರಿಯಿದೆಯೆಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತಾರೆ" ಎಂದಿತ್ತು. ಅದೂ ಎಲ್ಲ ಪ್ರಮಾಣಪತ್ರಕ್ಕೂ ಹಾಕುವ ಸಾಲು. ಓದಿ ಸಹಿ ಹಾಕಿದ್ದೆ. ಇಷ್ಟು ವರ್ಷ ಬೇರೆಯವರಿಗೆ ಓದಿ ಹೇಳಿದವನು ನನ್ನದನ್ನು ನಾನೇ ಸರಿಯಾಗಿ ಓದಿರಲಿಲ್ಲ.

ರಾಮಾಂಜಿಯ ವಕೀಲರು ಪಾಟಿ ಸವಾಲಿಗೆ ಎದ್ದರು.

"ಪ್ರೀತಿ ವಿಶ್ವಾಸದಿಂದ ನೋಡಿಕೊಂಡು ಎಂಬ ಈ ವಾಕ್ಯ ಯಾರದು?"

"ನನ್ನದು."

"ಮುನಿಯಮ್ಮ ಹೇಳಿ ಬರೆಸಿದ್ದಲ್ಲ?"

"ಅಲ್ಲ."

"ಓದಿ ಹೇಳಿದಾಗ ಈ ವಾಕ್ಯಕ್ಕೆ ಅವರು ಏನಂದರು?"

ದಿನಚರಿ ಚೀಲದಲ್ಲಿತ್ತು. ಅದನ್ನು ಕೇಳಿದವರು ಯಾರೂ ಇಲ್ಲ, ಇದೆ ಎಂದು ಗೊತ್ತಿದ್ದವರೂ ಇಲ್ಲ. ಹಿಂದಿನ ಬೆಂಚಿನಲ್ಲಿ ಗಂಗಮ್ಮ ಸೆರಗು ಹೊದ್ದು ಕೂತಿದ್ದರು. "ಏನೂ ಅನ್ನಲಿಲ್ಲ" ಎಂಬ ಎರಡು ಪದ ಸಾಕಿತ್ತು.

"ಸುಳ್ಳು ಅಂದರು" ಎಂದೆ.

ಬೆರಳಚ್ಚಿನವರ ಕೈ ನಿಂತಿತು. ನ್ಯಾಯಾಧೀಶೆ ಕಡತದಿಂದ ತಲೆ ಎತ್ತಿದರು. "ಆಮೇಲೆ?"

"ಅದು ಎಲ್ಲ ವಿಲ್‌ಗೂ ಹಾಕುವ ಸಾಲು, ಹಾಕಲೇಬೇಕು ಅಂದೆ. ಅವರು ಹೆಬ್ಬೆಟ್ಟು ಒತ್ತಿದರು."

"ಹಾಕಲೇಬೇಕು ಅಂತ ನಿಯಮ ಇದೆಯಾ?"

"ಇಲ್ಲ."

ವಕೀಲರು ಒಂದು ಹೆಜ್ಜೆ ಮುಂದೆ ಬಂದರು. "ಅಂದರೆ, ಬರೆಸಿದವರೇ ಸುಳ್ಳು ಎಂದ ಪತ್ರಕ್ಕೆ ನೀವು ಹೆಬ್ಬೆಟ್ಟು ಒತ್ತಿಸಿಕೊಂಡಿರಿ."

"ಒಂದು ಸಾಲನ್ನು ಸುಳ್ಳು ಅಂದರು."

"ಹೌದೋ ಇಲ್ಲವೋ?"

"ಹೌದು."

ಮಧ್ಯಾಹ್ನದ ಬಿಡುವಿಗೆ ಎಲ್ಲರೂ ಹೊರಗೆ ಬಂದೆವು. ಗಂಗಮ್ಮನ ವಕೀಲರು ನನ್ನ ಕಡೆ ನೋಡದೆ ಹೋದರು. ಗಂಗಮ್ಮ ಕಂಬಕ್ಕೆ ಒರಗಿ ನಿಂತಿದ್ದರು.

"ಏನಪ್ಪಾ ರೈಟ್ರೇ, ಮನೇನ ನೀವೇ ಬರೆದ್ರಿ, ನೀವೇ ಅಳಿಸ್ಬಿಟ್ರಲ್ಲ."

"ಇದ್ದದ್ದು ಹೇಳಿದೆನಮ್ಮ."

"ಇದ್ದದ್ದೇ. ನೋಡ್ಕೊಂಡಿಲ್ಲ ಅಂತ ಅವ್ಳು ಹೇಳಿರ್ತಾಳೆ. ಅವ್ಳಂದ್ರೆ ಹಂಗೇ."

ಮಧ್ಯಾಹ್ನ ಬಷೀರ್ ಸಾಬರ ಸರದಿ. ಒಬ್ಬ ಸಾಕ್ಷಿ ಹೇಳುವಾಗ ಇನ್ನೊಬ್ಬರು ಒಳಗಿರುವಂತಿಲ್ಲ. ಅವರು ಬೆಳಗಿನಿಂದ ಹೊರಗಿನ ಹುಣಸೆಮರದ ಕೆಳಗೆ ಕೂತಿದ್ದರು. ನಾನು ಒಳಗೆ ಏನು ಹೇಳಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬಿಡುವಿನಲ್ಲಿ ನಾನೂ ಅವರ ಹತ್ತಿರ ಹೋಗಲಿಲ್ಲ. ನನ್ನ ಸಾಕ್ಷಿ ಮುಗಿದಿದ್ದರಿಂದ ಹಿಂದಿನ ಬೆಂಚಿನಲ್ಲಿ ಕೂತೆ.

ಹೆಬ್ಬೆಟ್ಟು ಒತ್ತಿದ್ದನ್ನು ತಾವು ನೋಡಿದ್ದಾಗಿ, ತಾವು ಸಹಿ ಹಾಕಿದ್ದನ್ನು ಮುನಿಯಮ್ಮ ನೋಡಿದ್ದಾಗಿ ಬಷೀರ್ ಸಾಬರು ಹೇಳಿದರು. ರಾಮಾಂಜಿಯ ವಕೀಲರು ಬೇಗ ಮುಗಿಸುವ ಉತ್ಸಾಹದಲ್ಲಿದ್ದರು.

"ಪತ್ರದಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿಲ್ಲ."

"ಓದಿಲ್ಲ ಸಾರ್."

"ಮುನಿಯಮ್ಮ ಅದರ ಬಗ್ಗೆ ನಿಮ್ಮ ಹತ್ತಿರ ಒಂದು ಮಾತೂ ಆಡಲಿಲ್ಲ."

"ಆಡಿದ್ರು ಸಾರ್. ನನ್ನ ಅಂಗ್ಡೀಲಿ, ಚಾಯ್ ಕುಡಿಯೋವಾಗ."

ಆ ಪ್ರಶ್ನೆ ಕೇಳದೆ ವಕೀಲರು ಕೂತಿದ್ದರೆ ಅವರಿಗೇ ಒಳ್ಳೆಯದಿತ್ತು. ಕೂರುವ ಮೊದಲೇ ನ್ಯಾಯಾಧೀಶೆ ಕೇಳಿದರು: "ಏನು ಆಡಿದರು? ಅವರು ಹೇಗೆ ಹೇಳಿದರೋ ಹಾಗೇ ಹೇಳಿ."

ಬಷೀರ್ ಸಾಬರು ಟೋಪಿ ಸರಿಮಾಡಿಕೊಂಡರು. "ಹೆಬ್ಬೆಟ್ಟಿನ ಮಸಿ ಒರ್ಸೋಕೆ ಬಟ್ಟೆ ಕೊಟ್ಟೆ ಅಮ್ಮಾ. ಒರ್ಸ್ಕೊಂಡು ಕೂತ್ರು. ಕೂತು, ‘ಸಾಬ್ರೇ, ಆ ರೈಟ್ರು ಒಂದು ಸುಳ್ಳು ಬರ್ದವ್ನೆ’ ಅಂದ್ರು. ಏನು ಅಂದೆ. ‘ಗಂಗಿ ನನ್ನ ಪ್ರೀತಿಯಿಂದ ನೋಡ್ಕೊಂಡವ್ಳೆ ಅಂತ ಹಾಕವ್ನೆ’ ಅಂದ್ರು. ಇನ್ನೂ ಅಲ್ಲೇ ಕೂತವ್ರೆ, ಹೋಗಿ ಹೇಳಿ ತೆಗೆಸಿ ಅಂದೆ. ಎದ್ರು. ಮೆಟ್ಲು ತನಕ ಹೋದ್ರು. ವಾಪಸ್ ಬಂದು ಕೂತ್ರು."

"ಆಮೇಲೆ?"

"‘ಸಾಬ್ರೇ, ಒಂದ್ ಮಾತು ಕೇಳ್ತೀನಿ’ ಅಂದ್ರು. ‘ನಂಗೆ ಜ್ವರ ಬಂದು ಒಲೆ ಹಚ್ಚಿಲ್ಲ ಅಂದ್ರೆ ಹೊಸ್ಲು ಹತ್ರ ಒಂದು ಬಟ್ಲು ಗಂಜಿ ಇರ್ತದೆ. ಯಾರಿಟ್ರು ಅಂತ ಅವ್ಳು ಹೇಳಾಕಿಲ್ಲ, ನಾನು ಕೇಳಾಕಿಲ್ಲ. ಬಟ್ಲು ತೊಳ್ದು ಅಲ್ಲೇ ಇಡ್ತೀನಿ. ಅದು ನೋಡ್ಕೊಂಡಂಗಾ, ಅಲ್ವಾ?’ ಅಂತ ಕೇಳಿದ್ರು. ನೋಡ್ಕೊಂಡಂಗೇ ಅಮ್ಮ ಅಂದೆ ನಾನು. ಚಾಯ್ ಪೂರಾ ಕುಡಿದ್ರು. ‘ಹಂಗಾದ್ರೆ ಇರ್ಲಿ ಬಿಡು, ತೆಗ್ಸಾದು ಬ್ಯಾಡ’ ಅಂದ್ರು. ಬಸ್ಸು ಬಂತು, ಹೊರಟೋದ್ರು."

ನ್ಯಾಯಾಧೀಶೆ ಅದನ್ನು ಗ್ರಾಂಥಿಕ ಭಾಷೆಗೆ ತಿರುಗಿಸಿ ಬೆರಳಚ್ಚಿಗೆ ಹೇಳತೊಡಗಿದರು. "ಜ್ವರವಿದ್ದ ಸಂದರ್ಭದಲ್ಲಿ ಹೊಸ್ತಿಲ ಬಳಿ ಗಂಜಿಯ ಬಟ್ಟಲನ್ನು..." ಅಲ್ಲಿಗೆ ನಿಲ್ಲಿಸಿದರು. "ಬೇಡ, ಅವರು ಹೇಳಿದ ಹಾಗೇ ಟೈಪ್ ಮಾಡಿ" ಎಂದರು.

ನನ್ನ ಪಕ್ಕದ ಬೆಂಚಿನಲ್ಲಿ ಗಂಗಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದರು. ರಾಮಾಂಜಿ ನೆಲ ನೋಡುತ್ತಿದ್ದ.

ತೀರ್ಪು ಬರಲು ಕೆಲವು ತಿಂಗಳು ಹಿಡಿಯಿತು. ವಿಲ್ ನಿಂತಿತು. ಬರೆಸಿದವರಿಗೆ ಪತ್ರದ ಒಂದೊಂದು ಸಾಲೂ ಗೊತ್ತಿತ್ತು, ಆಕ್ಷೇಪ ಇದ್ದ ಸಾಲನ್ನೂ ತೂಗಿ ನೋಡಿ ಉಳಿಸಿಕೊಂಡರು ಎನ್ನುವುದು ತೀರ್ಪಿನ ಸಾರ. ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬನಿಗೆ ತಿಳಿಯದೆ ಎರಡೂ ಒಂದಕ್ಕೊಂದು ಹೊಂದಿದ್ದನ್ನು ನ್ಯಾಯಾಧೀಶೆ ಗಮನಿಸಿದ್ದರು. ನಾನು "ಏನೂ ಅನ್ನಲಿಲ್ಲ" ಎಂದಿದ್ದರೆ ಬಷೀರ್ ಸಾಬರ ಮಾತು ಕಟ್ಟುಕಥೆಯ ಹಾಗೆ ಕಾಣುತ್ತಿತ್ತು. ಇದು ನನಗೆ ತೀರ್ಪು ಓದಿದ ಮೇಲೆ ಹೊಳೆಯಿತು, ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಅಲ್ಲ. ಪತ್ರ ಬರಹಗಾರರು ಬರೆಸುವವರ ಮಾತು ಬರೆಯಬೇಕು, ತಮ್ಮ ರೂಢಿಯನ್ನಲ್ಲ ಎಂಬ ಅರ್ಥದ ಒಂದು ಮಾತೂ ತೀರ್ಪಿನಲ್ಲಿತ್ತು. ಹೆಸರು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ.

ರಾಮಾಂಜಿ ಮೇಲ್ಮನವಿಗೆ ಹೋಗಲಿಲ್ಲ. ಒಂದು ದಿನ ಮೇಜಿನ ಹತ್ತಿರ ವ್ಯಾನು ನಿಲ್ಲಿಸಿ, ಇಳಿಯದೆಯೇ ಹೇಳಿದ: "ಗಂಜಿ ವಿಷ್ಯ ನಂಗೆ ಗೊತ್ತಿರ್ಲಿಲ್ಲ ರೈಟ್ರೇ. ಗೊತ್ತಿದ್ದಿದ್ರೆ ಕೋರ್ಟಿಗೆ ಹೋಗ್ತಿರ್ಲಿಲ್ಲ ಅಂತ ಹೇಳಾಕಿಲ್ಲ. ಆದ್ರೂ ಗೊತ್ತಿರ್ಲಿಲ್ಲ."

ಆ ತಿಂಗಳೇ ನನ್ನ ಕಂಪ್ಯೂಟರಿನಲ್ಲಿದ್ದ ಮಾದರಿಯಿಂದ ಆ ಸಾಲು ಅಳಿಸಿದೆ. ಅಲ್ಲಿ ಖಾಲಿ ಜಾಗ ಬಿಟ್ಟೆ. "ಯಾಕೆ ಅವರಿಗೇ ಬರೀತಿದೀರಿ?" ಎಂದು ಕೇಳಿ, ಬಂದ ಉತ್ತರವನ್ನು ಬರೆದೆ. ಕೆಲವರು "ಇಷ್ಟ" ಎಂದರು. ಒಬ್ಬ ಯಜಮಾನರು "ಉಳಿದೋರಿಗಿಂತ ಇವ್ನು ಕಮ್ಮಿ ಬೈತಾನೆ" ಎಂದರು. ಅದನ್ನೂ ಬರೆದೆ. ಒಂದು ವಿಲ್‌ಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಪವಿತ್ರಾ, ನಿನ್ನ ಪ್ರಶ್ನೆಗೆ ಉತ್ತರ ಆ ಹತ್ತು ನಿಮಿಷ. ಅದನ್ನು ಕಲಿಯಲು ನನಗೆ ಇಪ್ಪತ್ತು ವರ್ಷದ ಮೇಲೆ ಹಿಡಿಯಿತು.

ಗಂಗಮ್ಮ ಕಡೆಯ ಸಲ ಬಂದದ್ದು ಖಾತೆಯ ಅರ್ಜಿ ಬರೆಸಲು. ಅರ್ಜಿ ಮುಗಿದರೂ ಏಳಲಿಲ್ಲ. ನನಗೂ ಒಂದು ಪ್ರಶ್ನೆ ಉಳಿದಿತ್ತು.

"ಅಷ್ಟು ವರ್ಷ ಮಾತು ಬಿಟ್ಟದ್ದು ಯಾಕಮ್ಮ?"

ಗಂಗಮ್ಮ ಕಚೇರಿಯ ಬಾಗಿಲ ಕಡೆ ನೋಡಿದರು. "ನಮ್ಮೆಜಮಾನ್ರು ಹೋಗಿ ಹನ್ನೊಂದನೇ ದಿನ. ನೆಂಟ್ರೆಲ್ಲ ಹೊಂಟೋದ್ರು. ಅಕ್ಕ ಬಂದು, ‘ನಿಂಗಿನ್ನೂ ಶಕ್ತಿ ಐತೆ, ನಿಮ್ಮೂರ್ಗೆ ಹೊಂಟೋಗು, ಇಲ್ಲೇನೈತೆ’ ಅಂದ್ಲು. ಮನೆ ಬಿಟ್ಟೋಗು ಅಂದ್ಲು ಅನ್ಕೊಂಡೆ ನಾನು. ಹೋಗಾಕಿಲ್ಲ ಅಂತ ಬೇರೆ ಒಲೆ ಹಾಕ್ಕೊಂಡೆ. ಹೋಗು ಅಂದೋಳು ಮನೇನೇ ಬರ್ದವ್ಳೆ ಅಂತ ನಂಗೇನ್ ಗೊತ್ತು?"

ಮಡಿಲಿನಿಂದ ವಿಲ್‌ನ ನಕಲು ತೆಗೆದು ಮೇಜಿನ ಮೇಲೆ ಇಟ್ಟರು. ಅವರಿಗೆ ಓದು ಬರದು.

"ಆ ಸಾಲು ಒಂದ್ಸಲ ಓದಿ."

ಓದಿದೆ. ಪ್ರೀತಿ ವಿಶ್ವಾಸದಿಂದ ನೋಡಿಕೊಂಡು, ಯೋಗಕ್ಷೇಮವನ್ನು ವಿಚಾರಿಸಿಕೊಂಡು ಬಂದಿರುತ್ತಾರೆ. ನೂರಾರು ಸಲ ಬರೆದ ಸಾಲು. ಅದನ್ನೇ ಓದಿ ಎಂದು ಕೇಳಿದವರು ಇವರೇ ಮೊದಲು.

ಗಂಗಮ್ಮ ಕಾಗದ ಮಡಿಚಿ ಮಡಿಲಿಗೆ ಸೇರಿಸಿಕೊಂಡು ಎದ್ದರು.

"ಗಂಜೀಗೆ ಉಪ್ಪು ಕಮ್ಮಿ ಆಗೈತೆ ಅಂತ ಒಂದ್ ದಿನಾನಾದ್ರೂ ಬೈದಿದ್ರೆ ಆ ಮುದ್ಕಿ, ಅಲ್ಲಿಂದ್ಲೇ ಮಾತು ಶುರುವಾಗೋದು ಕಣಪ್ಪ."